ಆನ್‌ಸೈಟ್‌ಗೆ ಯಾವ ದೇಶ? ಜಯನಗರದ ಒಂದು ಸಲಹಾ ಕಚೇರಿಗೆ ಹೋಗಿಬಂದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕಂಪನಿಯವರು ಒಂದೆರಡು ವರ್ಷಕ್ಕೆ ಹೊರಗೆ ಕಳಿಸುತ್ತೇವೆ, ದೇಶ ನೀವೇ ಆರಿಸಿ ಅಂದಿದ್ದಾರೆ, ಮನೆಯಲ್ಲಿ ಸ್ವಂತ ಕೆಲಸ ಇರುವ ಗಂಡನೋ ಹೆಂಡತಿಯೋ ಇದ್ದಾರೆ, ಶಾಲೆಗೆ ಹೋಗುವ ಮಗು ಇದೆ, ವಯಸ್ಸಾದವರೂ ಜೊತೆಗಿದ್ದಾರೆ ಅಂದರೆ ದೇಶ ಆರಿಸಲು ಸಲಹೆ ಕೊಡುವ ಇಂಥ ಕಡೆ ದುಡ್ಡು ಕೊಟ್ಟು ಕೇಳುವುದು ಸರಿ. ದುಡ್ಡು ದಂಡ ಆಗುವುದಿಲ್ಲ. ಒಬ್ಬರೇ ಇದ್ದರೆ ಬೇಡ. ಆಫೀಸಿನಲ್ಲಿ ಹೋಗಿಬಂದವರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೂರಿಸಿಕೊಂಡರೆ ಅಷ್ಟೇ ವಿಷಯ ಸಿಗುತ್ತದೆ.

ನಾವು ಹೋಗಿದ್ದು ಜಯನಗರ 4ನೇ ಬ್ಲಾಕ್ ಕಾಂಪ್ಲೆಕ್ಸ್ ಹತ್ತಿರದ ಒಂದು ಸಣ್ಣ ಕಚೇರಿಗೆ. ಹೆಸರು ಬರೆಯುವುದಿಲ್ಲ, ಏಕೆಂದರೆ ಮೆಚ್ಚಿದ್ದರ ಜೊತೆ ದೂರುಗಳೂ ಇವೆ. ಅದೂ ಅಲ್ಲದೆ ಊರಲ್ಲಿ ಇಂಥವು ಹಲವಿವೆ. ನೀವು ಯಾವುದಕ್ಕೆ ಹೋದರೂ ಏನು ಕೇಳಬೇಕು, ಅವರು ನಿಮ್ಮನ್ನು ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ಸಾಕು. ಇವರು ವೀಸಾ ಮಾಡಿಸುವುದಿಲ್ಲ, ಅದು ಕಂಪನಿಯ ಕೆಲಸ. ಇವರದು ದೇಶ ಆರಿಸಲು ಸಹಾಯ ಮಾಡುವುದು ಮಾತ್ರ. ಮೊದಲು ಒಂದೂವರೆ ಗಂಟೆಯ ಮಾತುಕತೆ, ಆಮೇಲೆ ಬರಹದಲ್ಲಿ ಒಂದು ವರದಿ, ಅದನ್ನು ಓದಿಕೊಂಡು ಹೋದ ಮೇಲೆ ಇನ್ನೊಂದು ಮಾತುಕತೆ. ಇಡೀ ಕುಟುಂಬಕ್ಕೆ ಆರು ಸಾವಿರ ರೂಪಾಯಿ ತಗೊಂಡರು.

ನಮ್ಮ ಮನೆ ಲೆಕ್ಕ ಹೀಗಿದೆ. ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಚಿಪ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಕಂಪನಿ ಮುಂದಿಟ್ಟಿದ್ದು ನಾಲ್ಕು ಊರು: ಜರ್ಮನಿಯ ಮ್ಯೂನಿಕ್, ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್, ಜಪಾನಿನ ಯೋಕೊಹಾಮಾ, ಮತ್ತೆ ಸಿಂಗಾಪುರ. ಎರಡು ವರ್ಷ, ಆಮೇಲೆ ವಾಪಸ್. ನನ್ನ ಯಜಮಾನರು ಫಿಸಿಯೋಥೆರಪಿಸ್ಟ್, ಬನಶಂಕರಿ ಎರಡನೇ ಹಂತದಲ್ಲಿ ಅವರದೇ ಕ್ಲಿನಿಕ್ ಇದೆ. ಮಗ ನಾಲ್ಕನೇ ಕ್ಲಾಸು, ಸಿಬಿಎಸ್‌ಇ. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ.

ಸುದ್ದಿ ಗೊತ್ತಾದ ದಿನದಿಂದ ಎಲ್ಲರೂ ಕೇಳಿದ್ದು ಒಂದೇ ಮಾತು, ಎಲ್ಲಿ ಜಾಸ್ತಿ ಉಳಿಯುತ್ತೆ ಅಂತ. ಟೀಮಿನಲ್ಲಿ ಜರ್ಮನಿ ಅಂದರು. ನನ್ನ ತಮ್ಮ ಸಿಂಗಾಪುರ ಅಂದ. ಪಕ್ಕದ ಮನೆಯವರು ಅಮೆರಿಕ ಕೊಡಲಿಲ್ವಾ ಅಂದರು. ಯಾರೂ ನನ್ನ ಗಂಡನನ್ನು ಒಂದು ಮಾತು ಕೇಳಲಿಲ್ಲ. ಈ ಕಚೇರಿಯಲ್ಲಿ ನಮಗೆ ಸಿಕ್ಕ ಸಲಹೆಗಾರ್ತಿ ಮಾಡಿದ ಮೊದಲ ಕೆಲಸ ಅದು. ನನ್ನ ಸಂಬಳ, ನನ್ನ ಗ್ರೇಡು ಏನೂ ಕೇಳದೆ ಅವರ ಕಡೆ ತಿರುಗಿ, 'ನೀವು ಹೋದರೆ ಕ್ಲಿನಿಕ್ ಯಾರು ನೋಡಿಕೊಳ್ಳುತ್ತಾರೆ ಸರ್?' ಅಂದರು. ನನಗೆ ಅಲ್ಲೇ ನಂಬಿಕೆ ಬಂತು.

ಅಲ್ಲಿಂದ ಮಾತು ಹೋಗಿದ್ದು ಡಿಪೆಂಡೆಂಟ್ ವೀಸಾ ಕಡೆಗೆ, ಅಂದರೆ ಕೆಲಸಕ್ಕೆ ಹೋಗುವವರ ಜೊತೆ ಹೋಗುವ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ. ಇದು ನನ್ನಂಥವರು ಬಹಳ ಜನ ಕೊನೆಗೆ ನೋಡುವ ವಿಷಯ, ಮೊದಲು ನೋಡಬೇಕಾದ ವಿಷಯ. ಕಂಪನಿಯ ಒಳಗೇ ವರ್ಗವಾಗಿ ಹೋಗುವವರಿಗೆ ಯುರೋಪಿನಲ್ಲಿ ಐಸಿಟಿ ಪರವಾನಗಿ ಅಂತ ಕೊಡುತ್ತಾರೆ. ಮ್ಯಾನೇಜರ್‌ಗಳಿಗೆ ಮತ್ತು ತಜ್ಞರಿಗೆ ಹೆಚ್ಚೆಂದರೆ 3 ವರ್ಷ. ಜರ್ಮನಿಗೆ ಹೋಗಬೇಕಾದರೆ ಅದಕ್ಕೂ ಮೊದಲು ಕನಿಷ್ಠ 6 ತಿಂಗಳು ಅದೇ ಕಂಪನಿಯಲ್ಲಿ ದುಡಿದಿರಬೇಕು. ಈ ಪರವಾನಗಿ ಇರುವವರ ಗಂಡ ಅಥವಾ ಹೆಂಡತಿ ಜರ್ಮನಿಯಲ್ಲೂ ನೆದರ್‌ಲ್ಯಾಂಡ್ಸ್‌ನಲ್ಲೂ ಕೆಲಸ ಮಾಡಬಹುದು. ಜಪಾನಿನಲ್ಲಿ ಡಿಪೆಂಡೆಂಟ್ ಆಗಿ ಹೋದವರು ಬೇರೆಯಾಗಿ ಅನುಮತಿ ತಗೊಂಡು ವಾರಕ್ಕೆ 28 ಗಂಟೆ ದುಡಿಯಬಹುದು, ಅಷ್ಟೇ. ಸಿಂಗಾಪುರದಲ್ಲಿ 2021ರ ಮೇ ತಿಂಗಳಿಂದ ನಿಯಮ ಬಿಗಿಯಾಗಿದೆ. ಡಿಪೆಂಡೆಂಟ್ ಪಾಸ್ ಮೇಲೆ ಹೋದವರು ಕೆಲಸ ಮಾಡಬೇಕಾದರೆ ತಮ್ಮದೇ ವರ್ಕ್ ಪಾಸ್, ಅಂದರೆ ಕೆಲಸದ ಪರವಾನಗಿ ಪಡೆಯಬೇಕು.

ಇಷ್ಟು ಕೇಳಿದರೆ ಯುರೋಪೇ ಸರಿ ಅನಿಸುತ್ತೆ, ಅಲ್ವಾ? ನಮಗೂ ಅನಿಸಿತು. ಆದರೆ ಆಕೆ ಅಲ್ಲಿಗೆ ಬಿಡಲಿಲ್ಲ. ಕೆಲಸ ಮಾಡಲು ಅನುಮತಿ ಇದೆ ಅಂದರೆ ಆ ಕೆಲಸ ಸಿಗುತ್ತದೆ ಅಂತ ಅಲ್ಲ. ಫಿಸಿಯೋಥೆರಪಿ ಸರ್ಕಾರದ ನೋಂದಣಿ ಇಲ್ಲದೆ ಮಾಡುವ ಹಾಗಿಲ್ಲದ ವೃತ್ತಿ. ಜರ್ಮನಿಯಲ್ಲಿ ನಮ್ಮ ಪದವಿಗೆ ಮೊದಲು ಮಾನ್ಯತೆ ಪಡೆಯಬೇಕು, ಜೊತೆಗೆ ಜರ್ಮನ್ ಭಾಷೆ ಬಿ2 ಮಟ್ಟಕ್ಕೆ, ಅಂದರೆ ಸಲೀಸಾಗಿ ಮಾತಾಡುವ ಮಟ್ಟಕ್ಕೆ ಬರಬೇಕು. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮ್ಯುಲ್ಲರ್ ಭವನಕ್ಕೆ ಇವತ್ತೇ ಸೇರಿ ಅ ಆ ಇ ಈಯಿಂದ ಶುರು ಮಾಡಿದರೂ ಅಲ್ಲಿಗೆ ಮುಟ್ಟಲು ಎಷ್ಟು ಸಮಯ ಬೇಕು ನೀವೇ ಯೋಚಿಸಿ. ನೆದರ್‌ಲ್ಯಾಂಡ್ಸ್‌ನಲ್ಲಿ ಆರೋಗ್ಯ ವೃತ್ತಿಯವರಿಗೆ ಬಿಗ್ ಅನ್ನುವ ನೋಂದಣಿ ಇದೆ, ಅಲ್ಲಿ ಡಚ್ ಭಾಷೆ. ಸಿಂಗಾಪುರದಲ್ಲಿ ಬೇರೆ ಮಂಡಳಿ. ಎರಡು ವರ್ಷದ ಅಸೈನ್‌ಮೆಂಟ್‌ನಲ್ಲಿ ಮಾನ್ಯತೆಯ ಕಾಗದ ಕೈಗೆ ಬರುವ ಹೊತ್ತಿಗೆ ವಾಪಸ್ ಬರುವ ಟಿಕೆಟ್ ಬುಕ್ ಮಾಡುವ ಸಮಯ ಬಂದಿರುತ್ತದೆ. ಅದೇ ನನ್ನ ಗಂಡ ಸಾಫ್ಟ್‌ವೇರ್‌ನಲ್ಲಿ ಇದ್ದಿದ್ದರೆ ಕಥೆ ಪೂರ್ತಿ ಬೇರೆ, ಐಂಡ್‌ಹೋವನ್ ಕಣ್ಣುಮುಚ್ಚಿ ಒಪ್ಪಿಕೊಳ್ಳಬಹುದಿತ್ತು. ಡಾಕ್ಟರು, ನರ್ಸು, ವಕೀಲರು, ಟೀಚರು, ಇಂಥ ಕೆಲಸದಲ್ಲಿರುವ ಸಂಗಾತಿ ಇದ್ದವರು ದಯವಿಟ್ಟು ಇದನ್ನು ಮೊದಲು ವಿಚಾರಿಸಿ. 'ಸ್ಪೌಸ್ ವರ್ಕ್ ಮಾಡಬಹುದು' ಅಂತ ಎಚ್‌ಆರ್ ಹೇಳುವ ಮಾತು ನಿಜವೇ, ಆದರೆ ಅರ್ಧ ಮಾತ್ರ.

ಮಗನ ಶಾಲೆ ವಿಷಯದಲ್ಲಿ ವರದಿ ನಿಜಕ್ಕೂ ಚೆನ್ನಾಗಿತ್ತು. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ. ಆಮೇಲೆ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಕಳಿಸುತ್ತಾರೆ. ಮುಂದೆ ಯೂನಿವರ್ಸಿಟಿಗೆ ನೇರವಾಗಿ ಹೋಗುವ ದಾರಿ ಗಿಮ್ನಾಸಿಯಂ. ಮ್ಯೂನಿಕ್ ಇರುವ ಬವೇರಿಯಾದಲ್ಲಿ ಅದಕ್ಕೆ ನಾಲ್ಕನೇ ಕ್ಲಾಸಿನ ಸರಾಸರಿ ಗ್ರೇಡ್ 2.33 ಅಥವಾ ಅದಕ್ಕಿಂತ ಚೆನ್ನಾಗಿರಬೇಕು. ಅಲ್ಲಿ 1 ಅಂದರೆ ಅತ್ಯುತ್ತಮ. ಲೆಕ್ಕಕ್ಕೆ ತಗೊಳ್ಳುವ ವಿಷಯಗಳಲ್ಲಿ ಜರ್ಮನ್ ಭಾಷೆಯೂ ಒಂದು. ನಮ್ಮ ಮಗ ಸರಿಯಾಗಿ ಆ ವಯಸ್ಸಿಗೆ, ಒಂದು ಪದ ಜರ್ಮನ್ ಬಾರದೆ ಅಲ್ಲಿ ಇಳಿಯುತ್ತಾನೆ. ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸುವ ತರಗತಿಗಳಿವೆ ನಿಜ. ಆದರೆ ಎರಡು ವರ್ಷದಲ್ಲಿ ಅವನು ಆ ಭಾಷೆಯಲ್ಲಿ ಕಣ್ಣುಬಿಡುವಷ್ಟರಲ್ಲಿ ವಾಪಸ್ ಬಂದು ಇಲ್ಲಿ ಆರನೇ ಕ್ಲಾಸಿನ ಗಣಿತ, ಕನ್ನಡ, ಹಿಂದಿ ಎಲ್ಲಕ್ಕೂ ತಲೆಕೊಡಬೇಕು. ಅಲ್ಲಿ ಮನೆಯಲ್ಲೇ ಓದಿಸುತ್ತೇವೆ ಅನ್ನುವ ಹಾಗೂ ಇಲ್ಲ, ಶಾಲೆಗೆ ಕಳಿಸುವುದು ಕಡ್ಡಾಯ. ಇಂಗ್ಲಿಷಿನ ಅಂತರರಾಷ್ಟ್ರೀಯ ಶಾಲೆಗಳು ಇವೆ, ಆದರೆ ಆ ಫೀಸು ಕಂಪನಿ ಕೊಟ್ಟರೆ ಮಾತ್ರ.

ಇನ್ನೊಂದು ಮಾತು ಆಕೆ ಹೇಳಿದರು, ನನಗೆ ಬಹಳ ಉಪಯೋಗಕ್ಕೆ ಬಂತು. ಮಗು ಯುಕೆಜಿ ಅಥವಾ ಒಂದನೇ ಕ್ಲಾಸಿನಲ್ಲಿದ್ದರೆ ಜರ್ಮನಿಗೆ ಧೈರ್ಯವಾಗಿ ಹೋಗಬಹುದು, ಆ ವಯಸ್ಸಿನವರು ಆಟದ ಮೈದಾನದಲ್ಲೇ ಭಾಷೆ ಕಲಿಯುತ್ತಾರೆ. ಅಂದರೆ ದೇಶ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಪ್ರಶ್ನೆಯೇ ಅಲ್ಲ. ನಿಮ್ಮ ಮಗು ಈಗ ಯಾವ ಕ್ಲಾಸು ಅನ್ನುವುದು ಪ್ರಶ್ನೆ.

ನೆದರ್‌ಲ್ಯಾಂಡ್ಸ್ ಈ ವಿಷಯದಲ್ಲಿ ಸುಲಭ. ಸರ್ಕಾರದ ಅನುದಾನ ಇರುವ ಅಂತರರಾಷ್ಟ್ರೀಯ ಶಾಲೆಗಳಿವೆ, ಐಂಡ್‌ಹೋವನ್‌ನಲ್ಲೂ ಒಂದಿದೆ. ಪೂರ್ತಿ ಖಾಸಗಿ ಶಾಲೆಗಳಿಗಿಂತ ಫೀಸು ಕಡಿಮೆ. ತಾತ್ಕಾಲಿಕ ಕೆಲಸಕ್ಕೆ ಬಂದವರ ಮಕ್ಕಳಿಗಾಗಿಯೇ ಇರುವ ಶಾಲೆಗಳು ಅವು. ಯೋಕೊಹಾಮಾದ ಮಿದೊರಿ ವಾರ್ಡ್‌ನಲ್ಲಿ ಸಿಬಿಎಸ್‌ಇ ಓದಿಸುವ ಭಾರತೀಯ ಶಾಲೆ ಇದೆ ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ಟೋಕಿಯೋದ ನಿಶಿ-ಕಸಾಯ್ ಕಡೆ ನಮ್ಮವರು ಬಹಳ ಇದ್ದಾರೆ ಅಂತ ಮಾತ್ರ ಕೇಳಿದ್ದೆವು. ಸಿಂಗಾಪುರದಲ್ಲೂ ಸಿಬಿಎಸ್‌ಇ ಇದೆ, ಮಗ ಇಲ್ಲಿ ಬಿಟ್ಟ ಪುಸ್ತಕವನ್ನು ಅಲ್ಲಿ ಹಿಡಿಯಬಹುದು. ಫೀಸು ಮಾತ್ರ ಭಾರಿ.

ಈಗ ಅತ್ತೆಯ ವಿಷಯ. ಅವರನ್ನೂ ಕರೆದುಕೊಂಡು ಬನ್ನಿ ಅಂತ ಫೋನಿನಲ್ಲೇ ಹೇಳಿದ್ದರು. ಯಾಕೆ ಅಂತ ಆಗ ಅರ್ಥ ಆಗಲಿಲ್ಲ. ಅಲ್ಲಿ ಕೂತ ಮೇಲೆ ಅತ್ತೆ ಎಂದಿನಂತೆ 'ನನ್ನದೇನಿದೆ, ನೀವು ಹೋಗಿಬನ್ನಿ, ನಾನು ಇದ್ದೀನಿ' ಅಂದರು. ಸಲಹೆಗಾರ್ತಿ ಅದನ್ನು ಒಪ್ಪದೆ, ತಾಯಿಯ ಹತ್ತಿರ ಮಾತಾಡುವ ಹಾಗೆ ಒಂದೊಂದೇ ಕೇಳುತ್ತಾ ಹೋದರು. ತಿಂಗಳ ಮಾತ್ರೆ ಯಾರು ತರುತ್ತಾರೆ, ರಾತ್ರಿ ಸಕ್ಕರೆ ಇಳಿದರೆ ಯಾರಿಗೆ ಫೋನ್ ಮಾಡುತ್ತೀರಿ, ಆಸ್ಪತ್ರೆಗೆ ಸೇರಿಸಬೇಕಾದರೆ ಸಹಿ ಯಾರು ಹಾಕುತ್ತಾರೆ, ಮಗ ಬರಲು ಎಷ್ಟು ಗಂಟೆ ಆದರೆ ನೀವು ತಡೆದುಕೊಳ್ಳುತ್ತೀರಿ. ಕೊನೆಯ ಪ್ರಶ್ನೆಗೆ ಅತ್ತೆ ಸುಮ್ಮನಾದರು. ಆಮೇಲೆ, ಅದೇ ದಿನ ಬಂದರೆ ಸಾಕು ಅಂದರು. ಇಷ್ಟು ವರ್ಷ ಜೊತೆಗಿದ್ದೂ ನಾವಿಬ್ಬರೂ ಅವರನ್ನು ಹೀಗೆ ಕೇಳಿರಲಿಲ್ಲ. ಇದೆಲ್ಲ ಕನ್ನಡದಲ್ಲೇ ನಡೆಯಿತು, ಅದಕ್ಕೇ ಅತ್ತೆ ಬಾಯಿಬಿಟ್ಟರು. ಈ ಒಂದು ಅರ್ಧ ಗಂಟೆಗೇ ನಾನು ಆರು ಸಾವಿರ ಕೊಡುತ್ತಿದ್ದೆ.

ಅಪ್ಪ ಅಮ್ಮನನ್ನು ಜೊತೆಗೇ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಅನ್ನುವುದೂ ಅಲ್ಲೇ ಸ್ಪಷ್ಟವಾಯಿತು. ಐಸಿಟಿಯಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮಕ್ಕಳು. ಅತ್ತೆ ಬರಬೇಕಾದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ಪ್ರವಾಸಿ ವೀಸಾ, ಯಾವುದೇ 180 ದಿನದಲ್ಲಿ 90 ದಿನ ಮಾತ್ರ. ಸಿಂಗಾಪುರದಲ್ಲಿ ಅಪ್ಪ ಅಮ್ಮನಿಗೆ ದೀರ್ಘಾವಧಿ ಪಾಸ್ ಇದೆ, ಆದರೆ ನಮ್ಮ ತಿಂಗಳ ಸಂಬಳ ಕನಿಷ್ಠ 12,000 ಸಿಂಗಾಪುರ ಡಾಲರ್ ಇರಬೇಕು. ಗಂಡ ಮಕ್ಕಳನ್ನು ಕರೆದೊಯ್ಯಲು 6,000 ಸಾಕು. ನನ್ನದು ಎರಡರ ಮಧ್ಯೆ ಇದೆ. ಹಾಗಾಗಿ ಅತ್ತೆ ಎಲ್ಲಿಗೂ ಬಂದು ಇರುವ ಹಾಗಿಲ್ಲ. ಉಳಿದ ಪ್ರಶ್ನೆ ಒಂದೇ, ನಾವು ಎಷ್ಟು ಬೇಗ ಅವರ ಹತ್ತಿರ ಬರಬಹುದು. ಬೆಂಗಳೂರಿನಿಂದ ಸಿಂಗಾಪುರಕ್ಕೆ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆಯ ಆಸುಪಾಸು. ಮ್ಯೂನಿಕ್‌ಗೂ 2023ರ ನವೆಂಬರ್‌ನಿಂದ ನೇರ ವಿಮಾನ ಶುರುವಾಗಿದೆ, ಆದರೆ ಅದು ಅದರ ಎರಡರಷ್ಟು ಹೊತ್ತು. ಐಂಡ್‌ಹೋವನ್ ಅಂದರೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದು ಮತ್ತೆ ರೈಲು. ಅದೇ ದಿನ ಬಂದರೆ ಸಾಕು ಅಂತ ಅತ್ತೆ ಹೇಳಿದ್ದು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿದರೆ ಪಟ್ಟಿ ಅರ್ಧ ಆಯಿತು.

ದುಡ್ಡಿನ ವಿಷಯಕ್ಕೆ ಬಂದರೆ, ಇವರ ವರದಿಯಲ್ಲಿ ಸೊಗಸಾದ ಭಾಗವೂ ಇದೆ, ಕಳಪೆ ಭಾಗವೂ ಇದೆ. ಸೊಗಸಾದದ್ದು ಪಿಎಫ್ ಮತ್ತು ಟ್ಯಾಕ್ಸ್ ಬಗ್ಗೆ ಬರೆದ ಎರಡು ಪುಟ. ಭಾರತಕ್ಕೂ ಕೆಲವು ದೇಶಗಳಿಗೂ ಸಾಮಾಜಿಕ ಭದ್ರತಾ ಒಪ್ಪಂದ ಇದೆ. ಇಲ್ಲಿಂದ ಸ್ವಲ್ಪ ಕಾಲಕ್ಕೆ ಹೋದವರು ಇಲ್ಲಿನ ಪಿಎಫ್ ಮುಂದುವರಿಸಿದರೆ ಅಲ್ಲಿನ ಪಿಂಚಣಿ ಕಂತು ಕಟ್ಟಬೇಕಿಲ್ಲ. ಅದಕ್ಕೆ ನಮ್ಮ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒದಿಂದ ಸರ್ಟಿಫಿಕೇಟ್ ಆಫ್ ಕವರೇಜ್ ಅನ್ನುವ ಕಾಗದ ತಗೊಂಡು ಹೋಗಬೇಕು. ಜರ್ಮನಿಗೆ ಇದು 48 ತಿಂಗಳವರೆಗೆ ನಡೆಯುತ್ತದೆ, ನೆದರ್‌ಲ್ಯಾಂಡ್ಸ್ ಮತ್ತು ಜಪಾನಿಗೆ 60 ತಿಂಗಳು. ಜಪಾನಿನ ಒಪ್ಪಂದ ಜಾರಿಗೆ ಬಂದಿದ್ದು 2016ರ ಅಕ್ಟೋಬರ್‌ನಲ್ಲಿ. ಜರ್ಮನಿಯಲ್ಲಿ ಪಿಂಚಣಿಗೆ ಉದ್ಯೋಗಿಯ ಪಾಲು ಸಂಬಳದ 9.3 ಶೇಕಡ, ಹಾಗಾಗಿ ಈ ಒಂದು ಕಾಗದದಿಂದ ಉಳಿಯುವುದು ಸಣ್ಣ ಮೊತ್ತವಲ್ಲ. ಸಿಂಗಾಪುರದ ಜೊತೆ ಒಪ್ಪಂದ ಇಲ್ಲ, ಆದರೆ ಅಲ್ಲಿನ ಪಿಎಫ್ ಆದ ಸಿಪಿಎಫ್ ಅವರ ನಾಗರಿಕರಿಗೆ ಮತ್ತು ಪಿಆರ್ (ಕಾಯಂ ವಾಸದ ಪರವಾನಗಿ) ಇರುವವರಿಗೆ ಮಾತ್ರ, ನಮಗೆ ಕಡಿತ ಇಲ್ಲ. ಅಮೆರಿಕದ ಜೊತೆ ಒಪ್ಪಂದ ಇಲ್ಲದಿರುವುದೇ ನಿಜವಾದ ನೋವು. ಅಲ್ಲಿ ಸಂಬಳದಿಂದ 6.2 ಶೇಕಡ ಸೋಷಿಯಲ್ ಸೆಕ್ಯುರಿಟಿಗೆ ಹೋಗುತ್ತದೆ, ಸುಮಾರು 10 ವರ್ಷ ದುಡಿಯದಿದ್ದರೆ ಅದರ ಪಿಂಚಣಿ ಸಿಗುವುದಿಲ್ಲ. ಎರಡು ವರ್ಷಕ್ಕೆ ಎಲ್1, ಅಂದರೆ ಕಂಪನಿಯ ಒಳಗೇ ವರ್ಗವಾಗುವವರ ಅಮೆರಿಕ ವೀಸಾ ಮೇಲೆ ಹೋಗುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ನೆದರ್‌ಲ್ಯಾಂಡ್ಸ್‌ನಲ್ಲಿ ಹೊರಗಿನಿಂದ ಕರೆಸಿಕೊಂಡ ನುರಿತವರಿಗೆ ಸಂಬಳದ 30 ಶೇಕಡವರೆಗೆ ತೆರಿಗೆ ಇಲ್ಲದ ಹಾಗೆ ಕೊಡುವ ಸೌಲಭ್ಯ ಇದೆ, 2027ರಿಂದ ಅದು 27 ಶೇಕಡಕ್ಕೆ ಇಳಿಯುತ್ತದೆ. ಹೋಗುವವರು ತಮ್ಮ ಆಫರ್‌ನಲ್ಲಿ ಯಾವ ಲೆಕ್ಕ ಹಿಡಿದಿದ್ದಾರೆ ಅಂತ ಕೇಳಿ. ಜಪಾನಿನಲ್ಲಿ ಇನ್ನೊಂದು ಬಗೆ. ಆದಾಯ ತೆರಿಗೆ ಅಲ್ಲದೆ ಊರಿಗೆ ಕಟ್ಟುವ ನಿವಾಸಿ ತೆರಿಗೆ ಅಂತ ಸುಮಾರು 10 ಶೇಕಡ ಇದೆ. ಅದು ಹಿಂದಿನ ವರ್ಷದ ಆದಾಯದ ಮೇಲೆ ಬೀಳುತ್ತದೆ. ಮೊದಲ ವರ್ಷ ಕೈಗೆ ಬರುವ ಸಂಬಳ ನೋಡಿ ಖುಷಿಪಟ್ಟವರಿಗೆ ಎರಡನೇ ವರ್ಷ ಜೂನ್‌ನಲ್ಲಿ ಕಡಿತ ಶುರುವಾಗುತ್ತದೆ. ಸಿಂಗಾಪುರದಲ್ಲಿ ತೆರಿಗೆ ಎಲ್ಲಕ್ಕಿಂತ ಹಗುರ, ಅತಿ ಮೇಲಿನ ಹಂತವೇ 24 ಶೇಕಡ. ಜರ್ಮನಿಯಲ್ಲಿ ನನ್ನಂಥವರ ಸಂಬಳದ ಮೇಲಿನ ಭಾಗಕ್ಕೆ 42 ಶೇಕಡ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊರಡುವ ತಿಂಗಳು. ಇದನ್ನು ನಮಗೆ ಎಚ್‌ಆರ್ ಹೇಳಿರಲಿಲ್ಲ. ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವ ಭಾರತೀಯರು ಆ ಹಣಕಾಸು ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ತೆರಿಗೆಯ ಲೆಕ್ಕದಲ್ಲಿ ಅನಿವಾಸಿ ಅನಿಸಿಕೊಳ್ಳುತ್ತಾರೆ. ಅಂದರೆ ಸೆಪ್ಟೆಂಬರ್ 28ರ ಒಳಗೆ ಹೊರಟರೆ ಒಂದು ಲೆಕ್ಕ, ದಸರಾ ಮುಗಿಸಿಕೊಂಡು ಅಕ್ಟೋಬರ್‌ನಲ್ಲಿ ಹೊರಟರೆ ಇನ್ನೊಂದು ಲೆಕ್ಕ. ತಡವಾಗಿ ಹೊರಟರೆ ಆ ವರ್ಷ ಅಲ್ಲಿ ದುಡಿದದ್ದನ್ನೂ ಇಲ್ಲಿ ತೋರಿಸಬೇಕು, ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ರಿಯಾಯಿತಿ ಕೇಳಬೇಕು. ತೆರಿಗೆ ಕಡಿಮೆ ಇರುವ ಸಿಂಗಾಪುರಕ್ಕೆ ಹೋಗುವವರಿಗೆ ಇದರಿಂದ ಕೈಬಿಡುವ ಮೊತ್ತ ಜಾಸ್ತಿ. ಇನ್ನೂ ಒಂದಿದೆ. ಆಗಸ್ಟ್‌ನಲ್ಲೇ ಹೋದರೂ ಅದೇ ವರ್ಷ ತಂಗಿ ಮದುವೆ, ಸಂಕ್ರಾಂತಿ ಅಂತ ಬಂದು ಇಲ್ಲಿ ಇದ್ದ ದಿನಗಳೂ 182ರ ಲೆಕ್ಕಕ್ಕೆ ಸೇರುತ್ತವೆ. ಪಾಸ್‌ಪೋರ್ಟ್ ಮುದ್ರೆಗಳನ್ನು ನೋಡಿ ದಿನ ಎಣಿಸಿಕೊಂಡೇ ಟಿಕೆಟ್ ಮಾಡಿ.

ಕಳಪೆ ಭಾಗ ಬಾಡಿಗೆ ಮತ್ತು ಖರ್ಚಿನ ಪಟ್ಟಿ. ಅದು ಹಳೆಯದು, ನೋಡಿದ ತಕ್ಷಣ ಗೊತ್ತಾಗುತ್ತದೆ. ಮ್ಯೂನಿಕ್‌ಗೆ ಅವರು ಬರೆದಿದ್ದ ಬಾಡಿಗೆಯನ್ನು ಅಲ್ಲಿರುವ ನನ್ನ ಸಹೋದ್ಯೋಗಿಗೆ ತೋರಿಸಿದರೆ, ಆ ದುಡ್ಡಿಗೆ ಒಂದು ಕೋಣೆ ಸಿಕ್ಕರೆ ಪುಣ್ಯ ಅಂದಳು. ಜರ್ಮನಿಯಲ್ಲಿ ಬಾಡಿಗೆ ಮನೆಗೆ ಎಷ್ಟೋ ಕಡೆ ಅಡುಗೆಮನೆಯ ಕಪಾಟು, ಸಿಂಕು, ಒಲೆ ಕೂಡ ನಾವೇ ಹಾಕಿಸಬೇಕು, ಹೀಟಿಂಗ್ ಖರ್ಚು ಬಾಡಿಗೆಯ ಮೇಲೆ ಬೇರೆ ಅನ್ನುವುದನ್ನೂ ಅವಳೇ ಹೇಳಿದ್ದು. ಜಪಾನಿನಲ್ಲಿ ಮನೆ ಹಿಡಿಯುವಾಗ ಡಿಪಾಸಿಟ್ ಅಲ್ಲದೆ, ಮಾಲೀಕರಿಗೆ ವಾಪಸ್ ಬಾರದ ಕಾಣಿಕೆ ದುಡ್ಡು ಕೊಡುವ ಪದ್ಧತಿ ಹಲವು ಕಡೆ ಇದೆ. ಇದೂ ವರದಿಯಲ್ಲಿ ಇರಲಿಲ್ಲ. ಇಷ್ಟು ದುಡ್ಡು ತಗೊಳ್ಳುವವರು ವರ್ಷಕ್ಕೆ ಒಮ್ಮೆಯಾದರೂ ಪಟ್ಟಿ ಹೊಸದು ಮಾಡಬೇಕು. ನಾನು ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ. ನೋಟ್ ಮಾಡಿಕೊಂಡರು, ಆದರೆ ತಿದ್ದಿದ ಪಟ್ಟಿ ಇವತ್ತಿನವರೆಗೂ ಬಂದಿಲ್ಲ.

ಊಟದ ವಿಷಯದಲ್ಲೂ ಅವರ ಉತ್ತರ ತೆಳುವಾಗಿತ್ತು. ನಾವು ಸಸ್ಯಾಹಾರಿಗಳು. ಜಪಾನಿಗೆ 'ಇಂಡಿಯನ್ ಸ್ಟೋರ್ ಇದೆ, ಮ್ಯಾನೇಜ್ ಆಗುತ್ತೆ' ಅಂತ ಒಂದೇ ಸಾಲು. ಅಲ್ಲಿ ತರಕಾರಿ ಸಾರು ಅನಿಸುವುದರಲ್ಲೂ, ನೂಡಲ್ಸ್‌ನಲ್ಲೂ ದಾಶಿ ಅನ್ನುವ ತಿಳಿಸಾರು ಇರುತ್ತದೆ, ಅದನ್ನು ಹೆಚ್ಚಾಗಿ ಒಣಮೀನಿನಿಂದ ಮಾಡುತ್ತಾರೆ. ಮನೆಯಲ್ಲಿ ಅಡುಗೆ ಮಾಡಿಕೊಂಡರೆ ತೊಂದರೆ ಇಲ್ಲ. ಆದರೆ ಆಫೀಸಿನ ಊಟ, ಮಗ ಸ್ನೇಹಿತರ ಜೊತೆ ಹೊರಗೆ ತಿನ್ನುವುದು, ಇವೆಲ್ಲ ದಿನಾ ಎದುರಾಗುವ ವಿಷಯ. ಒಂದೇ ಸಾಲಿನಲ್ಲಿ ಮುಗಿಸುವಂಥದ್ದಲ್ಲ. ಸಿಂಗಾಪುರಕ್ಕೆ ಈ ಚಿಂತೆಯೇ ಇಲ್ಲ, ಸೆರಂಗೂನ್ ರಸ್ತೆಯಲ್ಲಿ ನಮ್ಮ ಎಂಟಿಆರ್ ಕೂಡ ಇದೆ.

ಕಾಗದಪತ್ರ ನೋಡಿದ ರೀತಿಗೆ ಮಾತ್ರ ಪೂರ್ತಿ ಅಂಕ ಕೊಡುತ್ತೇನೆ. ನಮ್ಮ ಕಡೆ ಹೆಸರಿನ ಸಮಸ್ಯೆ ಎಲ್ಲರಿಗೂ ಗೊತ್ತಲ್ಲ. ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಕ್ಷರ ಮಾತ್ರ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಅಪ್ಪನ ಹೆಸರು, ಮದುವೆ ಸರ್ಟಿಫಿಕೇಟಿನಲ್ಲಿ ಮತ್ತೆ ಅಕ್ಷರ. ಊರಿನ ಹೆಸರು ಸೇರಿದ್ದರಂತೂ ಕೇಳುವುದೇ ಬೇಡ. ಡಿಪೆಂಡೆಂಟ್ ವೀಸಾಕ್ಕೆ ಮದುವೆ ಸರ್ಟಿಫಿಕೇಟು, ಮಗುವಿನ ಜನನ ಪ್ರಮಾಣಪತ್ರ ಎರಡೂ ಪಾಸ್‌ಪೋರ್ಟಿಗೆ ಹೊಂದಬೇಕು. ನೆದರ್‌ಲ್ಯಾಂಡ್ಸ್‌ಗೆ ಇವೆರಡರ ಮೇಲೆ ಅಪೋಸ್ಟಿಲ್, ಅಂದರೆ ಹೊರದೇಶದಲ್ಲಿ ನಡೆಯಲು ಸರ್ಕಾರ ಹಾಕುವ ದೃಢೀಕರಣದ ಮುದ್ರೆ ಕೂಡ ಬೇಕು. ಆಕೆ ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲಿನಲ್ಲಿ ಒಂದೊಂದು ಅಕ್ಷರ ಗುರುತು ಮಾಡಿ, ನನ್ನ ಗಂಡನ ಹೆಸರು ಎರಡು ಕಡೆ ಬೇರೆ ಇದೆ ಅಂತ ತೋರಿಸಿದರು. ಯಾವ ದೇಶ ಆರಿಸಿದರೂ ಇದನ್ನು ಈಗಲೇ ಸರಿ ಮಾಡಿಸಿ, ವೀಸಾ ಅರ್ಜಿ ಹಾಕುವಾಗ ಓಡಾಡಬೇಡಿ ಅಂದರು. ಸಬ್ ರಿಜಿಸ್ಟ್ರಾರ್ ಕಚೇರಿಯ ಓಡಾಟ ನಾವು ಆ ವಾರವೇ ಶುರು ಮಾಡಿದೆವು.

ಎರಡನೇ ಮಾತುಕತೆಗೆ ಹೋದಾಗ ಕಾಯಿಸಿದರು. ಕೊಟ್ಟ ಸಮಯಕ್ಕೆ ಹೋದರೂ ಒಳಗೆ ಬೇರೆ ಕುಟುಂಬ ಕೂತಿತ್ತು, ಹೊರಗೆ ಎರಡೇ ಕುರ್ಚಿ, ಅತ್ತೆಯನ್ನು ಕೂರಿಸಿ ನಾವು ನಿಂತಿದ್ದೆವು. ಬಿಲ್ಲು ಕೂಡ ಕೇಳಿದ ಮೇಲೆ ಕೊಟ್ಟರು, ಅದೂ ಮಾರನೆಯ ದಿನ ವಾಟ್ಸಾಪ್‌ನಲ್ಲಿ. ಕಂಪನಿಯಿಂದ ಈ ಖರ್ಚು ವಾಪಸ್ ಪಡೆಯಬೇಕು ಅನ್ನುವವರು ಮೊದಲೇ ಕೇಳಿ ಇಟ್ಟುಕೊಳ್ಳಿ. ಟ್ಯಾಕ್ಸ್ ಬಗ್ಗೆ ಇನ್ನೂ ಆಳವಾಗಿ ಕೇಳಿದರೆ ಪರಿಚಯದ ಸಿಎ ಒಬ್ಬರ ನಂಬರ್ ಕೊಡುತ್ತಾರೆ, ಅವರ ಫೀಸು ಬೇರೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಇದನ್ನು ಶುರುವಿನಲ್ಲೇ ಹೇಳಬೇಕಿತ್ತು.

ಆ ಎರಡನೇ ಮಾತುಕತೆಯಲ್ಲೇ ನಮ್ಮ ತೀರ್ಮಾನ ಆಯಿತು. ಸಿಂಗಾಪುರ. ಹೋಗುವುದು ನಾನು ಮತ್ತು ಮಗ. ಯಜಮಾನರು ಕ್ಲಿನಿಕ್ ಮುಚ್ಚುವುದಿಲ್ಲ. ಒಬ್ಬ ಜೂನಿಯರ್‌ನನ್ನು ಇಟ್ಟುಕೊಂಡು ತಿಂಗಳಲ್ಲಿ ಕೆಲವು ದಿನ ಅಲ್ಲಿ, ಉಳಿದ ದಿನ ಇಲ್ಲಿ, ಅತ್ತೆಯ ಜೊತೆ. ಡಿಪೆಂಡೆಂಟ್ ಪಾಸ್ ಇದ್ದರೆ ಪ್ರತಿ ಸಲ ಪ್ರವಾಸಿ ವೀಸಾ ಬೇಡ. ಆ ಪಾಸ್ ಮೇಲೆ ಅಲ್ಲಿ ಕೆಲಸ ಮಾಡಲು ಬಿಡುವುದಿಲ್ಲ ಅನ್ನುವ ನಿಯಮ ನಮ್ಮ ಮನೆಗೆ ತೊಡಕೇ ಆಗಲಿಲ್ಲ, ಏಕೆಂದರೆ ಅವರ ಕೆಲಸ ಬನಶಂಕರಿಯಲ್ಲಿದೆ. ಬರೀ ನಿಯಮಗಳ ಪಟ್ಟಿ ನೋಡಿದ್ದರೆ ಸಂಗಾತಿಯ ಕೆಲಸಕ್ಕೆ ಸಿಂಗಾಪುರ ಅತಿ ಕೆಟ್ಟದ್ದು ಅಂತ ಮೊದಲೇ ಹೊಡೆದುಹಾಕುತ್ತಿದ್ದೆವು. ಉಳಿತಾಯ? ಬಾಡಿಗೆ, ಶಾಲೆ ಫೀಸು, ವಿಮಾನದ ಟಿಕೆಟ್ ಎಲ್ಲ ಕಳೆದರೆ ಐಂಡ್‌ಹೋವನ್‌ನಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಉಳಿಯುತ್ತಿತ್ತು. ಗೊತ್ತಿದ್ದೇ ಬಿಟ್ಟೆವು.

ಸಂಬಳದ ನಿಯಮ ಒಂದು ನೋಡಿಕೊಳ್ಳಿ. ನನ್ನಂಥವರು ಕೆಲಸಕ್ಕೆ ಹೋಗುವ ಸಿಂಗಾಪುರದ ಎಂಪ್ಲಾಯ್‌ಮೆಂಟ್ ಪಾಸ್‌ಗೆ 2025ರ ಜನವರಿಯಿಂದ ಕನಿಷ್ಠ ತಿಂಗಳ ಸಂಬಳ 5,600 ಸಿಂಗಾಪುರ ಡಾಲರ್, ಹಣಕಾಸು ವಲಯಕ್ಕೆ ಇನ್ನೂ ಮೇಲೆ. ಇದು ಕಡಿಮೆ ವಯಸ್ಸಿನವರಿಗೆ. ವಯಸ್ಸು ಹೆಚ್ಚಿದಂತೆ ಈ ಮೊತ್ತವೂ ಏರುತ್ತದೆ. ನಲವತ್ತರ ಹತ್ತಿರ ಇರುವವರು ತಮ್ಮ ವಯಸ್ಸಿನ ಅಂಕಿ ನೋಡಿಯೇ ಆಫರ್‌ಗೆ ಹೂಂ ಅನ್ನಿ.

ಹೊರಡುವ ಮುಂಚೆ ಎಚ್‌ಆರ್ ಹತ್ತಿರ ಏನೇನು ಬರಹದಲ್ಲಿ ಪಡೆಯಬೇಕು ಅಂತ ಒಂದು ಹಾಳೆ ಕೊಟ್ಟರು. ಶಾಲೆ ಫೀಸು ಯಾರು ಕಟ್ಟುತ್ತಾರೆ, ವರ್ಷಕ್ಕೆ ಎಷ್ಟು ಸಲ ಊರಿಗೆ ಬರುವ ಟಿಕೆಟ್, ಎರಡೂ ದೇಶದ ಟ್ಯಾಕ್ಸ್ ಫೈಲಿಂಗ್ ಖರ್ಚು, ಪ್ರಾಜೆಕ್ಟ್ ಮಧ್ಯದಲ್ಲೇ ನಿಂತರೆ ಮನೆ ಬಾಡಿಗೆ ಕರಾರಿನ ದಂಡ ಯಾರ ಮೇಲೆ, ವಾಪಸ್ ಬಂದಾಗ ಇದೇ ಹುದ್ದೆ ಇರುತ್ತಾ. ಮನೆಯಲ್ಲಿ ಕಾಯಿಲೆ ಅಂತ ತುರ್ತಾಗಿ ಬರಬೇಕಾದರೆ ಇಲ್ಲಿಂದ ಎಷ್ಟು ದಿನ ಕೆಲಸ ಮಾಡಬಹುದು ಅನ್ನುವುದೂ ಅದರಲ್ಲಿತ್ತು. ಈ ಹಾಳೆಯನ್ನು ಮುಂದಿಟ್ಟುಕೊಂಡು ಮಾತಾಡಿದ್ದಕ್ಕೆ ನಮ್ಮ ಕಂಪನಿ ಶಾಲೆ ಫೀಸಿನ ಅರ್ಧ ಕೊಡಲು ಒಪ್ಪಿತು. ಮೊದಲ ಆಫರ್‌ನಲ್ಲಿ ಅದು ಇರಲೇ ಇಲ್ಲ.

ಹೋಗುವವರಿಗೆ: ಶನಿವಾರ ಬೇಗ ತುಂಬುತ್ತದೆ, ವಾರದ ಮಧ್ಯೆ ಸಂಜೆ ಕೇಳಿ. ಎಲ್ಲರ ಪಾಸ್‌ಪೋರ್ಟು, ಮದುವೆ ಸರ್ಟಿಫಿಕೇಟು, ಮಗುವಿನ ಜನನ ಪ್ರಮಾಣಪತ್ರ ಮತ್ತು ಶಾಲೆಯ ರಿಪೋರ್ಟ್ ಕಾರ್ಡ್, ಕಂಪನಿ ಕೊಟ್ಟ ಆಫರ್ ಕಾಗದ ತಗೊಂಡು ಹೋಗಿ. ಕಾರು ನಿಲ್ಲಿಸಲು ಜಾಗ ಇಲ್ಲ, ಜಯನಗರ ಮೆಟ್ರೋ ಸ್ಟೇಷನ್‌ನಿಂದ ಆಟೋ ಹಿಡಿಯುವುದೇ ಸುಲಭ. ಕಚೇರಿ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮಂಡಿನೋವು ಇರುವ ಹಿರಿಯರು ಬರುತ್ತಾರೆ ಅಂತ ಮೊದಲೇ ಫೋನ್ ಮಾಡಿದರೆ ಕೆಳಗಿನ ಕೋಣೆಯಲ್ಲಿ ವ್ಯವಸ್ಥೆ ಮಾಡುತ್ತಾರೆ.